ಡಬ್ಲಿನ್ ಹತ್ತಿರ, ನಂಜನಗೂಡು ದೂರ

ಕಾದಂಬರಿ ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳುವುದರಲ್ಲೂ ನಮ್ಮಲ್ಲಿ ಮೇಲು ಕೀಳುಂಟು. ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಅರ್ಥವಾಗಲಿಲ್ಲ ಎನ್ನುವವರು ಮೊದಲು ಕನ್ನಡಕ ತೆಗೆಯುತ್ತಾರೆ. ಜುಬ್ಬಾದ ತುದಿಯಲ್ಲಿ ಅದನ್ನು ಸಾವಕಾಶವಾಗಿ ಒರೆಸುತ್ತಾರೆ. ಆಮೇಲೆ, ‘ಎಷ್ಟು ಸಲ ಹಿಡಿದರೂ ಕೈಗೆ ಸಿಗೋದಿಲ್ಲ ನೋಡಿ’ ಎಂದು ಮೆಲ್ಲಗೆ ನಗುತ್ತಾರೆ. ಸುತ್ತ ಕೂತವರು, ‘ಅಬ್ಬಾ, ಹಿಡಿದಿದ್ದಾರಲ್ಲ!’ ಎಂದುಕೊಳ್ಳುತ್ತಾರೆ. ಅದೇ ಮಹನೀಯರಿಗೆ ದೇವನೂರ ಮಹಾದೇವರ ‘ಕುಸುಮಬಾಲೆ’ ಅರ್ಥವಾಗದಿದ್ದಾಗ ಕನ್ನಡಕ ಮೂಗಿನ ಮೇಲೇ ಇರುತ್ತದೆ. ‘ಅದೇನ್ರೀ ಅದು, ಯಾರು ಓದಲಿ ಅಂತ ಬರೆದಿದಾರೆ?’ ಎಂದು ದನಿ ಏರುತ್ತದೆ. ಅಲ್ಲಿ ನಾಚಬೇಕಾದವನು ಓದುಗ. ನಾಚುತ್ತಲೇ ಒಂದಿಷ್ಟು ಮೆರೆಯುತ್ತಾನೆ. ಇಲ್ಲಿ ಪುಸ್ತಕವೇ ನಾಚಬೇಕು.

ಮೊದಲು ದೊಡ್ಡವರ ವಿಷಯ. ‘ಯುಲಿಸಿಸ್’ ಹೊರಬಂದದ್ದು 1922ರ ಫೆಬ್ರವರಿ 2ರಂದು, ಪ್ಯಾರಿಸ್‌ನಲ್ಲಿ. ಅವತ್ತು ಜಾಯ್ಸ್‌ಗೆ ನಲವತ್ತು ತುಂಬಿತು. ಯಾವ ಪ್ರಕಾಶಕರೂ ಧೈರ್ಯ ಮಾಡದಿದ್ದಾಗ ಸಿಲ್ವಿಯಾ ಬೀಚ್ ಎಂಬ ಪುಸ್ತಕದಂಗಡಿಯ ಒಡತಿ 1000 ಪ್ರತಿ ಅಚ್ಚು ಹಾಕಿಸಿದಳು. ಕಥೆ ಕೇಳಿದರೆ ಇಷ್ಟೇ: 1904ರ ಜೂನ್ 16ರಂದು ಡಬ್ಲಿನ್ ನಗರದಲ್ಲಿ ಲಿಯೊಪೋಲ್ಡ್ ಬ್ಲೂಮ್ ಎಂಬ ಜಾಹೀರಾತು ಏಜೆಂಟನೊಬ್ಬ ಬೆಳಗ್ಗೆ ಎದ್ದು, ತಿಂಡಿ ತಿಂದು, ಒಂದು ಶವಸಂಸ್ಕಾರಕ್ಕೆ ಹೋಗಿ, ದಿನವಿಡೀ ಊರು ಸುತ್ತಿ, ಸರಿರಾತ್ರಿ ಮನೆಗೆ ಬರುತ್ತಾನೆ. ನಮ್ಮಲ್ಲಿ ಯಾರಾದರೂ ಇದನ್ನು ಬರೆದಿದ್ದರೆ ವಾರಪತ್ರಿಕೆಯವರು ‘ಘಟನೆ ಸಾಲದು’ ಎಂದು ವಾಪಸು ಕಳಿಸುತ್ತಿದ್ದರು. ಜಾಯ್ಸ್ ಅದಕ್ಕೆ 700ಕ್ಕೂ ಹೆಚ್ಚು ಪುಟ ತೆಗೆದುಕೊಂಡ. ಇರುವ 18 ಅಧ್ಯಾಯಗಳಲ್ಲಿ ಒಂದರ ಶೈಲಿ ಇನ್ನೊಂದಕ್ಕಿಲ್ಲ. ಒಂದು ಇಡಿಯಾಗಿ ನಾಟಕ, ಒಂದು ಪ್ರಶ್ನೋತ್ತರ, ಕೊನೆಯದು ಹಾಸಿಗೆಯಲ್ಲಿ ಮಲಗಿರುವ ಹೆಂಡತಿಯ ಮನಸ್ಸಿನಲ್ಲಿ ಓಡುವ ಮಾತು. ಅದಕ್ಕೆ ಚಿಹ್ನೆಗಳ ಹಂಗೇ ಇಲ್ಲವೆನ್ನಬೇಕು.

ಪುಸ್ತಕವಾಗುವ ಮೊದಲೇ ಇದನ್ನು ಕಂತುಕಂತಾಗಿ ಪ್ರಕಟಿಸಿದ ಅಮೆರಿಕದ ಪತ್ರಿಕೆಯ ಇಬ್ಬರು ಸಂಪಾದಕಿಯರಿಗೆ 1921ರಲ್ಲಿ ಅಶ್ಲೀಲದ ಕೇಸಿನಲ್ಲಿ ದಂಡ ಬಿತ್ತು. ಹನ್ನೆರಡು ವರ್ಷ ಕಳೆದು, 1933ರ ಡಿಸೆಂಬರ್ 6ರಂದು, ನ್ಯಾಯಾಧೀಶ ಜಾನ್ ವೂಲ್ಸಿ ನಿಷೇಧ ತೆಗೆದುಹಾಕಿದ. ಅದರ ಹಿಂದಿನ ದಿನವಷ್ಟೇ ಆ ದೇಶದಲ್ಲಿ ಪಾನನಿಷೇಧ ರದ್ದಾಗಿತ್ತು. ಎರಡನ್ನೂ ಒಟ್ಟಿಗೆ ಸವಿಯುವ ಅನುಕೂಲವಾಯಿತು. ವೂಲ್ಸಿಯ ತೀರ್ಪು ನನಗೆ ಕಾದಂಬರಿಗಿಂತ ಇಷ್ಟ. ಇದು ಓದುವುದಕ್ಕೂ ತಿಳಿಯುವುದಕ್ಕೂ ಸುಲಭದ ಪುಸ್ತಕವಲ್ಲ, ಇದನ್ನು ವಿವರಿಸಲು ಬಂದಿರುವ ಬೇರೆ ಪುಸ್ತಕಗಳನ್ನೂ ಜೊತೆಗೆ ಓದುವುದು ಒಳ್ಳೆಯದು ಎಂದು ಆತ ನ್ಯಾಯಪೀಠದಿಂದಲೇ ಬರೆದ. ಕೆಲವು ಕಡೆ ಓಕರಿಕೆ ಬರಬಹುದು, ಕಾಮವಂತೂ ಕೆರಳುವುದಿಲ್ಲ ಎಂದೂ ಸೇರಿಸಿದ. ಗೈಡು ಓದಿ ಎಂದು ಕೋರ್ಟೇ ಹೇಳಿದ ಕಾದಂಬರಿ ಲೋಕದಲ್ಲಿ ಇನ್ನೊಂದು ಇದ್ದರೆ ನನಗೆ ತಿಳಿಸಿ.

ಗೈಡುಗಳಿಗೆ ಬರವಿರಲಿಲ್ಲ. ಯಾವ ಅಧ್ಯಾಯಕ್ಕೆ ಯಾವ ಬಣ್ಣ, ದೇಹದ ಯಾವ ಅಂಗ, ಯಾವ ಕಲೆ ಎಂದು ಸ್ವತಃ ಜಾಯ್ಸೇ ಕೋಷ್ಟಕ ಹಾಕಿ ಸ್ನೇಹಿತರಿಗೆ ಕೊಟ್ಟಿದ್ದ. ಅದನ್ನು ಇಟ್ಟುಕೊಂಡು ಸ್ಟುವರ್ಟ್ ಗಿಲ್ಬರ್ಟ್ 1930ರಲ್ಲಿ ಒಂದು ಪುಸ್ತಕವನ್ನೇ ಬರೆದ. ಆಮೇಲೆ ಡಾನ್ ಗಿಫರ್ಡ್ ಎಂಬಾತ ಸಾಲುಸಾಲಿಗೆ ಟಿಪ್ಪಣಿ ಬರೆಯಲು ಕೂತ. ಆ ಟಿಪ್ಪಣಿಯ ಗಾತ್ರವೇ ಕಾದಂಬರಿಗೆ ಸಡ್ಡು ಹೊಡೆಯುವಂತಿದೆ. ಇಂಥ ಉಪಚಾರ ಸಿಕ್ಕರೆ ಯಾರಿಗೆ ತಾನೇ ಅರ್ಥವಾಗದೆ ಇರಲು ಸಂತೋಷವಾಗದು?

ಡಬ್ಲಿನ್‌ನವರು ಪಾಪ, ಇಷ್ಟೊಂದು ಬಿಗಿಯಿಂದ ಇರಲಿಲ್ಲ. 1954ರಲ್ಲಿ, ಕಥೆ ನಡೆದ ದಿನಕ್ಕೆ ಐವತ್ತು ವರ್ಷ ತುಂಬಿತೆಂದು ಫ್ಲಾನ್ ಓ’ಬ್ರಯನ್, ಪ್ಯಾಟ್ರಿಕ್ ಕಾವನಾ ಮೊದಲಾದ ಲೇಖಕರು ಎರಡು ಕುದುರೆ ಗಾಡಿ ಬಾಡಿಗೆಗೆ ಹಿಡಿದು, ಬ್ಲೂಮ್ ನಡೆದ ದಾರಿಯಲ್ಲೆಲ್ಲ ಹೋಗಿಬರುವ ಸಂಕಲ್ಪ ಮಾಡಿದರು. ದಾರಿಯಲ್ಲಿ ಪಬ್ಬುಗಳಿದ್ದವು. ಅರ್ಧ ಊರು ದಾಟುವಷ್ಟರಲ್ಲಿ ‘ಬೈಲಿ’ ಎಂಬ ಪಬ್ಬಿನಲ್ಲಿ ಯಾತ್ರೆ ಸಮಾಪ್ತಿಯಾಯಿತು. ಇವತ್ತು ಪ್ರಪಂಚದಾದ್ಯಂತ ಆಚರಿಸುವ ‘ಬ್ಲೂಮ್ಸ್‌ಡೇ’ ಹಬ್ಬದ ಮೂಲ ಇದೇ. ಪುಸ್ತಕವನ್ನು ಅರ್ಧಕ್ಕೇ ಬಿಟ್ಟವರು ಇದಕ್ಕಿಂತ ಪ್ರಾಮಾಣಿಕವಾದ ಹಬ್ಬ ಮಾಡಲಾರರು.

ಜಾಯ್ಸ್‌ನ ಕೊನೆಯ ಕಾದಂಬರಿ ‘ಫಿನೆಗನ್ಸ್ ವೇಕ್’ ಇನ್ನೂ ಒಂದು ಕೈ ಮೇಲು. ಹದಿನೇಳು ವರ್ಷ ಬರೆದು 1939ರಲ್ಲಿ ಹೊರಗೆ ಬಿಟ್ಟ. ಹತ್ತಾರು ಭಾಷೆಗಳನ್ನು ಕಲಸಿದ ಅದರ ಇಂಗ್ಲಿಷು ಇಂಗ್ಲಿಷರಿಗೂ ತಿಳಿಯುವುದಿಲ್ಲ. ಕ್ಯಾಲಿಫೋರ್ನಿಯಾದ ವೆನಿಸ್ ಎಂಬಲ್ಲಿ ಒಂದು ಓದುಗರ ಗುಂಪು 1995ರಲ್ಲಿ ಅದನ್ನು ಓದಲು ಕೂತಿತು. ತಿಂಗಳಿಗೆ ಒಂದೆರಡು ಪುಟ, ಅದರ ಮೇಲೆ ಚರ್ಚೆ. ಮುಗಿಸಿದ್ದು 2023ರಲ್ಲಿ, ಇಪ್ಪತ್ತೆಂಟು ವರ್ಷಗಳಾದ ಮೇಲೆ. ಆ ಕಾದಂಬರಿಯ ಕೊನೆಯ ವಾಕ್ಯ ಅರ್ಧಕ್ಕೆ ನಿಂತು ಮೊದಲ ಪುಟಕ್ಕೆ ಹೋಗಿ ಸೇರಿಕೊಳ್ಳುತ್ತದೆ. ಆದ್ದರಿಂದ ಅವರು ಮತ್ತೆ ಮೊದಲನೇ ಪುಟ ತೆಗೆದರು. ಈ ಸುದ್ದಿ ಬಂದ ದಿನ ನಮ್ಮ ವಾಟ್ಸಾಪ್ ಬಳಗಗಳಲ್ಲಿ ಕೈಮುಗಿದ ಗುರುತುಗಳು ಮಳೆಗರೆದವು. ‘ಓದು ಅಂದ್ರೆ ಇದು!’

ಇಷ್ಟು ತಾಳ್ಮೆ, ಇಷ್ಟು ಭಕ್ತಿ ಇರುವ ನಮ್ಮ ಓದುಗರ ಕೈಗೆ ‘ಕುಸುಮಬಾಲೆ’ ಕೊಟ್ಟು ನೋಡಿ.

1984ರ ಪುಸ್ತಕ. ತೆಳ್ಳಗಿದೆ. ನೂರೈವತ್ತು ಪುಟ ಕೂಡ ತುಂಬದ ಕಾದಂಬರಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ನುಡಿ ನಂಜನಗೂಡು ಸೀಮೆಯದು; ಅಲ್ಲಿಯ ಹೊಲೆಗೇರಿಯಿಂದ ಎದ್ದು ಬಂದ ಮಾತು. ಮೈಸೂರಿನಿಂದ ನಂಜನಗೂಡಿಗೆ ಸುಮಾರು 25 ಕಿಲೋಮೀಟರು. ಲೋಕಲ್ ರೈಲಿದೆ, ಬಸ್ಸಿದೆ. ನಮ್ಮ ಓದುಗರಿಗೆ ನಂಜನಗೂಡು ಗೊತ್ತಿಲ್ಲವೆಂದಲ್ಲ: ಅಲ್ಲಿನ ರಸಬಾಳೆ ಗೊತ್ತು, ಹಲ್ಲುಪುಡಿ ಗೊತ್ತು, ನಂಜುಂಡೇಶ್ವರನ ತೇರು ಗೊತ್ತು. ಅಲ್ಲಿ ಜನರೂ ಇದ್ದಾರೆ, ಅವರು ಮಾತನ್ನೂ ಆಡುತ್ತಾರೆ ಎಂಬುದು ಮಾತ್ರ 1984ರಲ್ಲಿ ಗೊತ್ತಾಗಿ ಗಾಬರಿಯಾಯಿತು. ಡಬ್ಲಿನ್‌ನ ಎಕ್ಲ್ಸ್ ಬೀದಿಯ 7ನೇ ನಂಬರಿನಲ್ಲಿರುವ ಬ್ಲೂಮ್‌ನ ಮನೆಯ ಅಡುಗೆಕೋಣೆ ಎಲ್ಲಿದೆ ಎಂದು ಟಿಪ್ಪಣಿ ನೋಡಿ ತಿಳಿದುಕೊಂಡವರು, ಲಿಫಿ ನದಿಯ ಯಾವ ದಡದಲ್ಲಿ ಯಾವ ಪಬ್ಬು ಎಂದು ಬಲ್ಲವರು, ಕಪಿಲೆಯ ದಡದ ಕನ್ನಡ ಕೇಳಿ ‘ಇದು ಕನ್ನಡವೇ?’ ಎಂದು ಕೇಳಿದರು. ಇದನ್ನು ಮೊದಲು ಯಾರಾದರೂ ಕನ್ನಡಕ್ಕೆ ಅನುವಾದಿಸಲಿ ಎಂಬ ಚಟಾಕಿಗೆ ನಲವತ್ತು ವರ್ಷವಾದರೂ ವಯಸ್ಸಾಗಿಲ್ಲ. ಪ್ರತಿ ಸಭೆಯಲ್ಲೂ ಅದನ್ನು ಹೊಸದಾಗಿ ಹೊಳೆಯಿತೆಂಬಂತೆ ಹೇಳುವವರು ಒಬ್ಬರು ಸಿಗುತ್ತಾರೆ. ನಗುವವರು ನೂರು ಜನ.

ಪ್ರಾದೇಶಿಕ ನುಡಿ ತಿಳಿಯುವುದು ಕಷ್ಟ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಲಿ. ಬೇಂದ್ರೆಯವರ ಧಾರವಾಡದ ಮಾತು ಮೈಸೂರಿನವರಿಗೆ ಅರ್ಧಕ್ಕರ್ಧ ತಿಳಿದಿರಲಿಲ್ಲ. ಹಾಗೆಂದು ಯಾರೂ ದೂರು ಕೊಡಲಿಲ್ಲ. ಕಣ್ಣು ಮುಚ್ಚಿದರು, ತಲೆದೂಗಿದರು, ‘ನಾದಲೀಲೆ’ ಎಂದರು. ಅರ್ಥವಾಗದ್ದು ಅಲ್ಲಿ ಮಂತ್ರವಾಯಿತು. ಇಲ್ಲೇಕೆ ಆಗಲಿಲ್ಲ?

ಇನ್ನೊಂದು ಸೋಜಿಗ. ಟೀವಿಯ ಕಾಮಿಡಿ ಶೋಗಳಲ್ಲಿ ಒಬ್ಬ ಪಾತ್ರಧಾರಿ ಲುಂಗಿ ಮೇಲಕ್ಕೆ ಕಟ್ಟಿ ಚಾಮರಾಜನಗರ, ನಂಜನಗೂಡು ಕಡೆಯ ಮಾತು ಶುರುಮಾಡಿದನೆಂದರೆ ಇದೇ ಓದುಗರು ಸೋಫಾದಿಂದ ಉರುಳಿ ಬೀಳುವಷ್ಟು ನಗುತ್ತಾರೆ. ಸರಿಯಾದ ಜಾಗದಲ್ಲೇ ನಗುತ್ತಾರೆ. ಅಂದರೆ ಒಂದೊಂದು ಮಾತೂ ತಿಳಿಯುತ್ತಿದೆ ಎಂದಾಯಿತು. ಸಿನಿಮಾದಲ್ಲಿ ಮನೆಗೆಲಸದವನೋ ಪೆದ್ದನೋ ಆ ಮಾತಾಡಿದರೆ ಪದಕೋಶ ಬೇಡ. ಅದೇ ಮಾತಿನಲ್ಲಿ ಒಬ್ಬ ತಾಯಿ ಕೊಲೆಯಾದ ಮಗನ ಸುದ್ದಿ ಎತ್ತಿದರೆ ಮಾತ್ರ ಕನ್ನಡ ಪಂಡಿತರಿಗೆ ಕಿವಿ ಮಂದವಾಗುತ್ತದೆ. ಕನ್ನಡದ ಒಂದು ನುಡಿ ನಗಿಸುವಾಗ ಅರ್ಥವಾಗಿ, ಅಳುವಾಗ ಅರ್ಥವಾಗದೆ ಹೋಗುವ ಈ ವಿಚಿತ್ರ ಕಾಯಿಲೆಯನ್ನು ಭಾಷಾವಿಜ್ಞಾನಿಗಳು ಪರೀಕ್ಷಿಸಬೇಕು. ವಿಜ್ಞಾನಿಗಳಿಗೆ ಪುರುಸೊತ್ತಿಲ್ಲದಿದ್ದರೆ ಜಾತಿ ಗಣತಿಯವರಾದರೂ.

‘ಕುಸುಮಬಾಲೆ’ ಸಲೀಸಾದ ಪುಸ್ತಕ, ಓದುಗರೇ ಸೋಮಾರಿಗಳು ಎಂದು ನಾನು ಹೇಳುತ್ತಿಲ್ಲ. ಅದು ನಿಜವಾಗಿಯೂ ಕಷ್ಟದ ಪುಸ್ತಕ. ಆದರೆ ಕಷ್ಟ ಇರುವುದು ನುಡಿಯಲ್ಲಲ್ಲ. ಗಟ್ಟಿಯಾಗಿ ಓದಿಕೊಂಡರೆ ನಾಲ್ಕು ಪುಟದಲ್ಲಿ ನುಡಿ ಬಾಯಿಗೆ ಹತ್ತುತ್ತದೆ. ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತದೆ. ನಿಜವಾದ ಕಷ್ಟ ಆಮೇಲೆ. ಗದ್ಯ ನಡೆಯುತ್ತ ನಡೆಯುತ್ತ ಹಾಡಾಗುತ್ತದೆ. ಮಂಚ ಮಾತಾಡುತ್ತದೆ. ಊರಿನ ದೀಪಗಳ ಜೋತಮ್ಮಂದಿರು ರಾತ್ರಿ ಒಂದೆಡೆ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತಾರೆ. ಯಾರು ಯಾರ ಮಗ, ಯಾವ ಮಗು ಯಾವ ಜಾತಿಯ ರಕ್ತ ಎಂಬ ಲೆಕ್ಕವನ್ನು ಊರು ಒಂದು ರೀತಿ ಹೇಳಿದರೆ ಮೈಬಣ್ಣ ಇನ್ನೊಂದು ರೀತಿ ಹೇಳುತ್ತದೆ. ದಲಿತರ ಹುಡುಗ ಚನ್ನ, ಮೇಲ್ಜಾತಿಯ ಕುಸುಮಳ ಜೊತೆ ಸೇರಿದ ತಪ್ಪಿಗೆ ಇಲ್ಲವಾಗುತ್ತಾನೆ. ಈ ಕೊಲೆ ಪತ್ತೇದಾರಿ ಕಥೆಯ ಕೊಲೆಯಲ್ಲ. ಬಿಡಿಸುವುದಕ್ಕೆ ಗಂಟೇ ಇಲ್ಲ. ಮನುಷ್ಯರು ಬಾಯಿ ಬಿಡದ ಊರಿನಲ್ಲಿ ದೀಪ, ಮಂಚಗಳಿಗೆ ಮಾತು ಬರುವುದು ಯಾಕೆ ಎಂದು ಓದುಗ ಕೂತು ಯೋಚಿಸಬೇಕು. ಅದು ಕಷ್ಟ. ಅದಕ್ಕೆ ಗಿಫರ್ಡ್‌ನ ಟಿಪ್ಪಣಿ ಒದಗದು.

ಆದರೆ ಅಲ್ಲಿಯವರೆಗೆ ಹೋದರೆ ತಾನೇ? ನುಡಿ ಎಂಬ ಹೊಸಿಲಲ್ಲೇ ಚಪ್ಪಲಿ ಬಿಡದೆ ನಿಂತು, ‘ಒಳಗೆ ಕತ್ತಲೆ’ ಎಂದು ಹೇಳಿ ಹಿಂದಿರುಗುವುದು ಆರಾಮ. ನನ್ನ ಅನುಮಾನ, ‘ಭಾಷೆ ತಿಳಿಯೋದಿಲ್ಲ’ ಎಂಬುದು ನಮಗೆ ದೂರಲ್ಲ, ವರ. ತಿಳಿದರೆ ಆಮೇಲೆ ಏನು ಮಾಡಬೇಕು ಎಂಬ ಪ್ರಶ್ನೆ ಬರುತ್ತದಲ್ಲ.

ವಿಶ್ವವಿದ್ಯಾಲಯದವರು ಈ ಪ್ರಶ್ನೆಯನ್ನು ಬಲು ಚೆನ್ನಾಗಿ ನಿಭಾಯಿಸಿದ್ದಾರೆ. ಅಲ್ಲಿ ಕಾದಂಬರಿ ಓದುವುದಿಲ್ಲ, ಮಾಡುತ್ತಾರೆ. ‘ಕುಸುಮಬಾಲೆ ಮಾಡಿದ್ರಾ?’ ‘ಹ್ಞೂ ಸಾರ್, ಹೋದ ಸೆಮಿಸ್ಟರ್‌ನಲ್ಲೇ ಮಾಡಾಯ್ತು.’ ಮಾಡುವುದು ಬಜಾರ್ ನೋಟ್ಸಿನಿಂದ. ಅದರಲ್ಲಿ ಕಥಾಸಾರ ಒಂದೂವರೆ ಪುಟ, ಪಾತ್ರಚಿತ್ರಣ ಮೂರು ಪುಟ, ‘ಕಾದಂಬರಿಯ ಭಾಷಿಕ ಅನನ್ಯತೆಯನ್ನು ವಿವರಿಸಿ’ ಎಂಬ ಹದಿನೈದು ಅಂಕದ ಪ್ರಶ್ನೆಗೆ ನಾಲ್ಕು ಪುಟದ ಉತ್ತರ. ಆ ನಾಲ್ಕು ಪುಟದಲ್ಲಿ ‘ಬಹುಸ್ತರೀಯ’, ‘ಸಂಕಥನ’, ‘ದೇಸಿ ಮಾರ್ಗ’, ‘ಅಂಚಿನ ದನಿ’ ಎಂಬ ಮಾತುಗಳಿರುತ್ತವೆ. ನಂಜನಗೂಡಿನವರಿಗೆ ಇದನ್ನು ಓದಿ ಹೇಳಿದರೆ ಯಾವ ಭಾಷೆ ಎಂದು ಕೇಳುವ ಸರದಿ ಅವರದು. ಅಷ್ಟರಲ್ಲಿ ನಂಜನಗೂಡು ಕಡೆಯ ಹುಡುಗನೊಬ್ಬ ತರಗತಿಯಲ್ಲಿ ಎದ್ದು ಒಂದು ಪುಟ ಓದಿದರೆ ಮೇಷ್ಟ್ರು ತಕ್ಷಣ ತಿದ್ದುತ್ತಾರೆ: ‘ಉಚ್ಚಾರಣೆ ಸ್ಪಷ್ಟ ಇರಲಿ.’

ದಪ್ಪ ಕಾದಂಬರಿಗಳಿಗೆ ನಾವು ಕಂಡುಕೊಂಡ ಉಪಾಯ ಬೇರೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದಾಗಿನಿಂದ ಕನ್ನಡದ ಎಷ್ಟೋ ಮನೆಗಳ ಷೋಕೇಸಿನಲ್ಲಿ ಮೈಮುರಿಯದೆ ಕೂತಿತ್ತು. ನೂರಾರು ಪಾತ್ರ, ಹತ್ತಾರು ಹಳ್ಳಿ, ಯಾವ ಕಥೆ ಎಲ್ಲಿ ಶುರುವಾಗಿ ಯಾವ ಹಳ್ಳದಲ್ಲಿ ಮುಳುಗಿ ಎಲ್ಲಿ ಏಳುತ್ತದೆಂದು ಹಿಡಿಯುವುದು ಸಣ್ಣ ಕೆಲಸವಲ್ಲ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರು ಅದನ್ನು ರಾತ್ರಿಯಿಡೀ ನಡೆಯುವ ನಾಟಕ ಮಾಡಿದರು. ಪ್ರೇಕ್ಷಕರು ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಎದ್ದು ಹೋಗಬೇಕು. ಮುಂದೆ ಬೆಂಗಳೂರಿನ ಕಲಾಗ್ರಾಮಕ್ಕೂ ಬಂತು. ನಾಟಕ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಅದರಿಂದ ಆದ ಲಾಭ ಇನ್ನೂ ಅದ್ಭುತ: ಕಂಬಳಿ ಹೊದ್ದು ಕೂತು, ನಡುರಾತ್ರಿ ಕಾಫಿ ಕುಡಿದು, ಮೂರನೇ ಜಾವದಲ್ಲಿ ಒಂದು ಸಣ್ಣ ನಿದ್ದೆ ತೆಗೆದು ಬೆಳಗ್ಗೆ ಎದ್ದವರೆಲ್ಲ ಕಾದಂಬರಿ ಓದಿದವರ ಪಟ್ಟಿಗೆ ಸೇರಿದರು. ‘ಗುತ್ತಿ, ತಿಮ್ಮಿ, ಹುಲಿಯ... ಆಹಾ!’ ನಾಯಿಯ ಹೆಸರು ಸಮೇತ ಗೊತ್ತಿದೆ, ಇನ್ನೇನು ಬೇಕು? ನಿದ್ದೆ ತೆಗೆದ ಭಾಗದಲ್ಲಿ ಏನಾಯಿತೆಂಬುದು ಮಾತ್ರ ಇಂದಿಗೂ ಚರ್ಚೆಯ ವಿಷಯ.

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಓದುಬಳಗಕ್ಕೆ ಈಚೆಗೆ ನನ್ನನ್ನು ಕರೆದಿದ್ದರು. ನವೆಂಬರ್ ಹತ್ತಿರ ಬಂದಿತ್ತು. ‘ರಾಜ್ಯೋತ್ಸವ ಅಲ್ವಾ, ಈ ಸಲ ಕನ್ನಡದ್ದೇ ಒಂದು ಇಟ್ಕೊಳ್ಳೋಣ’ ಎಂದು ಕಾರ್ಯದರ್ಶಿ ಮೇಡಮ್ ಅಂದರು. ‘ಕುಸುಮಬಾಲೆ’ ಸರ್ವಾನುಮತದಿಂದ ಆಯ್ಕೆಯಾಯಿತು. ಅದರ ದೊಡ್ಡ ಗುಣವೆಂದು ಎಲ್ಲರೂ ಒಪ್ಪಿದ್ದು ಅದರ ತೆಳುವನ್ನು. ಮುಂದಿನ ಭಾನುವಾರ ಬಂದವರ ಮುಖ ಬಾಡಿತ್ತು. ‘ಮೊದಲ ಪುಟದಲ್ಲೇ ಯಾರಿಗೆ ಯಾರು ಏನಾಗಬೇಕು ಅಂತ ತಿಳೀಲಿಲ್ಲ ಸಾರ್’ ಎಂದರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಗಟ್ಟಿಯಾಗಿ ಓದಿಕೊಳ್ಳಿ, ತಾನಾಗಿ ದಾರಿ ಬಿಡುತ್ತದೆ ಎಂದೆ. ಒಬ್ಬ ತಾಯಿಗೆ ಗಾಬರಿಯಾಯಿತು: ‘ಮನೇಲಿ ಮಕ್ಕಳಿದಾವೆ. ಆ ಭಾಷೆ ಕಲಿತುಬಿಟ್ರೆ?’ ಈ ಮಕ್ಕಳು ಕನ್ನಡವನ್ನೇ ಆಡುವುದಿಲ್ಲವಲ್ಲ, ಯಾವ ಭಾಷೆ ಕೆಡುತ್ತದೆ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಬೋಂಡ ಬಂತು.

ಸಾಫ್ಟ್‌ವೇರ್ ತರುಣನೊಬ್ಬ ಮೊಬೈಲಿನಲ್ಲಿ ಹುಡುಕಿ ತಲೆಯೆತ್ತಿದ. ‘ಇದರ ಇಂಗ್ಲಿಷ್ ಅನುವಾದ ಇದೆ! ಸುಸಾನ್ ಡೇನಿಯಲ್ ಮಾಡಿರೋದು, 2015ರದ್ದು. ಅದನ್ನ ಓದಿದ್ರೆ ಕ್ಲಿಯರ್ ಆಗುತ್ತೆ.’ ಎಲ್ಲರ ಮುಖದಲ್ಲೂ ಕಳೆ ಬಂತು. ಆದರೆ ಕಾರ್ಯದರ್ಶಿಯವರಿಗೆ ಒಂದು ಮುಜುಗರ. ರಾಜ್ಯೋತ್ಸವಕ್ಕೆ ಕನ್ನಡ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದಿದರೆ ಪಕ್ಕದ ಬ್ಲಾಕಿನವರು ಆಡಿಕೊಳ್ಳುವುದಿಲ್ಲವೇ? ಅರ್ಧ ಗಂಟೆ ಚರ್ಚೆಯಾಯಿತು. ಕೊನೆಗೆ ಮ್ಯಾನೇಜರೇ ದಾರಿ ತೋರಿಸಿದರು. ‘ಇಂಗ್ಲಿಷಲ್ಲೇ ಓದೋದಾದ್ರೆ ಇಂಗ್ಲಿಷಿನದ್ದೇ ಓದಿಬಿಡೋಣ. ಯುಲಿಸಿಸ್ ಇಟ್ಕೊಳ್ಳೋಣ. ಅರ್ಥ ಆಗದೇ ಇದ್ರೂ ಯಾರೂ ಏನೂ ಅನ್ನೋದಿಲ್ಲ.’

ಬಳಗಕ್ಕೆ ಜೀವ ಬಂತು. ನವೆಂಬರಿನಲ್ಲಿ ಶುರುಮಾಡುವುದು, ಜೂನ್ 16ಕ್ಕೆ ಕ್ಲಬ್‌ಹೌಸಿನಲ್ಲಿ ಬ್ಲೂಮ್ಸ್‌ಡೇ ಆಚರಿಸುವುದು. ಅಷ್ಟರೊಳಗೆ ಓದಿ ಮುಗಿಯದಿದ್ದರೆ? ನಾನು 1954ರ ಡಬ್ಲಿನ್ ಯಾತ್ರೆಯ ಕಥೆ ಹೇಳಿದೆ. ಸಭೆ ನಿರಾಳವಾಯಿತು, ಅಂತರರಾಷ್ಟ್ರೀಯ ಪೂರ್ವನಿದರ್ಶನವೇ ಇದೆಯೆಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಬ್ಲೂಮ್‌ನ ಹ್ಯಾಟು ಹೊಂದಿಸುವ ಹೊಣೆ ಒಬ್ಬರು ಹೊತ್ತರು. ಗಿಫರ್ಡ್‌ನ ಟಿಪ್ಪಣಿ ತರಿಸಲು ತಲಾ ಐನೂರು ರೂಪಾಯಿ ಚಂದಾ ಎದ್ದಿತು. ಉಳಿದದ್ದು ಊಟದ ಪಟ್ಟಿ.

ಬ್ಲೂಮ್ ಬೆಳಗ್ಗೆ ತಿನ್ನುವುದೇನೆಂದು ತರುಣ ಮೊಬೈಲು ನೋಡಿ ಓದಿದ: ಹಂದಿಯ ಮೂತ್ರಪಿಂಡ, ಬೆಣ್ಣೆಯಲ್ಲಿ ಹುರಿದು, ತುಸು ಸೀಯಿಸಿದ್ದು. ಬೋಂಡ ಹಿಡಿದ ಕೈಗಳು ಬಾಯಿಯ ದಾರಿಯಲ್ಲೇ ನಿಂತವು. ಕಾದಂಬರಿಯ ಸತ್ವವೇ ಅದರಲ್ಲಿದೆ, ಬಿಡುವಂತಿಲ್ಲ ಎಂದು ಒಬ್ಬರು. ಕ್ಲಬ್‌ಹೌಸಿನ ಅಡುಗೆಮನೆಯಲ್ಲಿ ಮೊಟ್ಟೆಗೂ ಅನುಮತಿಯಿಲ್ಲ ಎಂದು ಇನ್ನೊಬ್ಬರು. ಮಾತು ಬಿಸಿಯೇರುವಷ್ಟರಲ್ಲಿ ಕಾರ್ಯದರ್ಶಿ ಮೇಡಮ್ ಕೈಯೆತ್ತಿದರು. ‘ಜಗಳ ಯಾಕೆ? ಕಿಡ್ನಿ ಬೀನ್ಸ್ ಮಾಡಿಸೋಣ.’ ಚಪ್ಪಾಳೆ ಬಿತ್ತು. ರಾಜ್ಮಾ ಸರ್ವಾನುಮತದಿಂದ ಅಂಗೀಕಾರವಾಯಿತು. ಈರುಳ್ಳಿ, ಬೆಳ್ಳುಳ್ಳಿ ಹಾಕಬೇಕೇ ಬೇಡವೇ ಎಂಬುದನ್ನು ಮೂವರ ಉಪಸಮಿತಿಗೆ ಒಪ್ಪಿಸಿದ್ದಾರೆ.